‘ಡೇಂಜರಸ್ ಗೂಡ್ಸ್’ ಕೆಲಸಕ್ಕೆ ಸೇರಲಾ? ಅಮ್ಮ ಬೇಡ ಅಂತಿದ್ದಾರೆ

ಪ್ರಶ್ನೆ: ನಾನು ದಾವಣಗೆರೆಯವಳು. ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ ಪೀಣ್ಯದ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಮೂರು ವರ್ಷದಿಂದ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಕೆಲಸ ಮಾಡುತ್ತಿದ್ದೇನೆ. ಈಗ ಬೆಂಗಳೂರಿನಲ್ಲೇ ಒಂದು ಇ-ಕಾಮರ್ಸ್ ಕಂಪನಿಯಿಂದ ‘ಡೇಂಜರಸ್ ಗೂಡ್ಸ್ ಕಂಪ್ಲಯನ್ಸ್ ಅನಲಿಸ್ಟ್’ ಹುದ್ದೆಗೆ ಆಫರ್ ಬಂದಿದೆ. ‘ಡೇಂಜರಸ್’ ಅನ್ನೋ ಪದ ಕೇಳಿಯೇ ಅಮ್ಮ ಬೇಡ ಅಂತಿದ್ದಾರೆ. ಲ್ಯಾಬಿನ ಗೆಳೆಯರು ‘ಅದು ಡೇಟಾ ಎಂಟ್ರಿ ಕಣೇ, ಓದಿದ್ದೆಲ್ಲ ಮರೆತುಹೋಗುತ್ತೆ’ ಅಂತಾರೆ. ನಿಜಕ್ಕೂ ಏನು ಕೆಲಸ ಇದು? ಕೆಮಿಸ್ಟ್ರಿ ಉಪಯೋಗಕ್ಕೆ ಬರುತ್ತಾ? ಎಐ ಬಂದು ಇನ್ನು ಐದು ವರ್ಷಕ್ಕೆ ಕೆಲಸವೇ ಇಲ್ಲದಂತಾದರೆ?

ಉತ್ತರ: ಅಮ್ಮನಿಂದಲೇ ಶುರು ಮಾಡೋಣ, ಮೂರರಲ್ಲಿ ಅವರ ಪ್ರಶ್ನೆಯೇ ಸುಲಭದ್ದು. ಈಗ ನೀವು ದಿನಕ್ಕೆ ಎಂಟು ಗಂಟೆ ಥಿನ್ನರ್ ವಾಸನೆಯಲ್ಲಿ ಕಳೆಯುತ್ತೀರಿ. ಹೊಸ ಕೆಲಸದಲ್ಲಿ ಅದೇ ಥಿನ್ನರ್ ಬಗ್ಗೆ ಏಸಿ ಕೋಣೆಯಲ್ಲಿ ಕೂತು ಓದುತ್ತೀರಿ. ಅಪಾಯದ ಲೆಕ್ಕ ಹಾಕಿದರೆ ಅವರು ಬೇಡ ಅನ್ನಬೇಕಿದ್ದದ್ದು ಈಗಿನ ಕೆಲಸಕ್ಕೆ. ಹೊಸದರಲ್ಲಿ ಕೆಡುವುದು ಕಣ್ಣು, ಸೊಂಟ, ಮತ್ತು ಶಿಫ್ಟ್ ರಾತ್ರಿಯದಾದರೆ ನಿದ್ದೆ.

ಇನ್ನು ಕೆಲಸ ಏನು ಅನ್ನುವುದು. ಊರಿಗೆ ಹೋಗುವಾಗ ತುಮಕೂರು ರಸ್ತೆಯಲ್ಲಿ ಬಸ್ಸಿನ ಮುಂದೆ ಪೆಟ್ರೋಲ್ ಟ್ಯಾಂಕರ್ ಸಿಕ್ಕರೆ ಅದರ ಹಿಂಬದಿ ನೋಡಿ. ಕಿತ್ತಳೆ ಬಣ್ಣದ ಫಲಕದಲ್ಲಿ 1203 ಎಂದಿರುತ್ತದೆ. ಡೀಸೆಲ್ ಆದರೆ 1202, ಅಡುಗೆ ಅನಿಲವಾದರೆ 1075. ಇವನ್ನು ಯುಎನ್ ನಂಬರ್ ಅನ್ನುತ್ತೇವೆ. 1956ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಮೊದಲ ಶಿಫಾರಸು ಕೊಟ್ಟ ಮೇಲೆ ಬೆಳೆದು ಬಂದ ಪದ್ಧತಿ. ಸಾಗಣೆಯಲ್ಲಿ ಕೇಡು ಮಾಡಬಲ್ಲ ಎಲ್ಲವನ್ನೂ ಒಂಬತ್ತು ವರ್ಗಗಳಿಗೆ ಹಂಚಿ, ಒಂದೊಂದಕ್ಕೂ ನಾಲ್ಕಂಕಿಯ ಸಂಖ್ಯೆ ಕೊಟ್ಟಿದ್ದಾರೆ. ಟ್ಯಾಂಕರಿನ ವಿಷಯದಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲ ಇರುವುದು ಆನ್‌ಲೈನ್ ಅಂಗಡಿಯಲ್ಲಿ ಬಿಕರಿಯಾಗುವ ಲಕ್ಷಾಂತರ ಸಾಮಾನಿನಲ್ಲಿ. ಸೆಂಟು, ನೇಲ್ ಪಾಲಿಶ್, ಪವರ್ ಬ್ಯಾಂಕ್, ಅಂಟು, ಬ್ಲೀಚು, ಮಕ್ಕಳ ಆಟಿಕೆ: ಇವುಗಳಲ್ಲಿ ಯಾವುದಕ್ಕೆ ಆ ಸಂಖ್ಯೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ, ಬಿದ್ದರೆ ಯಾವ ಗೋಡೌನಿನಲ್ಲಿ ಇಡಬೇಕು, ಲಾರಿಯೋ ಹಡಗೋ ವಿಮಾನವೋ ಎಂದು ನಿರ್ಧರಿಸುವವರೇ ಈ ಅನಲಿಸ್ಟ್. ವಸ್ತುವನ್ನು ನೀವು ಮುಟ್ಟುವುದೇ ಇಲ್ಲ. ಮಾರುವವರು ಬರೆದ ವಿವರಣೆ, ನಾಲ್ಕು ಫೋಟೋ, ಒಂದು ಎಸ್‌ಡಿಎಸ್ (ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರ), ಇಷ್ಟೇ ನಿಮ್ಮೆದುರು ಇರುತ್ತದೆ. ವಸ್ತು ಎಲ್ಲೋ ಇದೆ, ಕಾಗದ ಇಲ್ಲಿದೆ, ಕಾಗದ ಹೇಳುತ್ತಿರುವುದು ನಿಜವೇ ಎಂದು ನೀವು ಹೇಳಬೇಕು. ಕಷ್ಟವೆಲ್ಲ ಇರುವುದು ಇಲ್ಲೇ.

ಒಂದು ಉದಾಹರಣೆ ಬಿಡಿಸಿಯೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಚಿಕ್ಕಪೇಟೆಯ ವ್ಯಾಪಾರಿಯೊಬ್ಬರು ‘ಗಣೇಶ ಪೂಜಾ ಕಿಟ್, 32 ಐಟಂ’ ಎಂದು ಅಮೆರಿಕಕ್ಕೆ ಕಳಿಸಲು ಹಾಕಿದ್ದರು. ಸಿಸ್ಟಂನಲ್ಲಿ ಅದು ‘ಧಾರ್ಮಿಕ ವಸ್ತು’ ಎಂಬ ಗುಂಪಿಗೆ ಬಿದ್ದು ಹಸಿರು ನಿಶಾನೆ ಪಡೆದಿತ್ತು. ನನಗೆ ಆ 32 ಏನೇನು ಎಂದು ಕೇಳಬೇಕೆನಿಸಿತು. ಪಟ್ಟಿ ಬಂತು: ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ಅಡಿಕೆ, ಜನಿವಾರ, ಊದುಬತ್ತಿ, ಹೂಬತ್ತಿ, ಜೇನುತುಪ್ಪ... 19ನೆಯದು ಕರ್ಪೂರ 50 ಗ್ರಾಂ. 20ನೆಯದು ಬೆಂಕಿಪೊಟ್ಟಣ 1.

ನಾವು ಮಂಗಳಾರತಿಗೆ ಹಚ್ಚುವ ಕರ್ಪೂರ ಬಹುಪಾಲು ಟರ್ಪೆಂಟೈನಿನಿಂದ ತಯಾರಾದ ಕೃತಕ ಕರ್ಪೂರ. ಅದಕ್ಕೆ ಯುಎನ್ ಪಟ್ಟಿಯಲ್ಲಿ ಸ್ವಂತ ಸ್ಥಾನವೇ ಇದೆ: 2717, ವರ್ಗ 4.1, ಸುಲಭವಾಗಿ ಹೊತ್ತಿಕೊಳ್ಳುವ ಘನ. ಬೆಂಕಿಪೊಟ್ಟಣ 1944, ಅದೂ 4.1. ಫೋನ್ ಮಾಡಿದೆ. ‘ಸರ್, ದೇವರಿಗೆ ಹಚ್ಚೋ ಕರ್ಪೂರಕ್ಕೆ ಕೆಮಿಕಲ್ ಅಂತೀರಲ್ಲ, ಮನೆಯಲ್ಲಿ ಪೂಜೆ ಮಾಡಲ್ವಾ ನೀವು?’ ಎಂದರು. ಮಾಡುತ್ತೇವೆ, ತಟ್ಟೆಯಲ್ಲಿ ಒಂದು ಬಿಲ್ಲೆ ಇಟ್ಟು. ವಿಮಾನದ ಹೊಟ್ಟೆಯಲ್ಲಿ ಒಂದರ ಪಕ್ಕ ಒಂದರಂತೆ ಐನೂರು ಕಿಟ್, ಪ್ರತಿಯೊಂದರಲ್ಲೂ ಕರ್ಪೂರಕ್ಕೆ ಒತ್ತಿಕೊಂಡ ಕಡ್ಡಿಪೆಟ್ಟಿಗೆ ಇದ್ದರೆ ಲೆಕ್ಕ ಬೇರೆ. ಹಾಗೆಂದು ಕರ್ಪೂರಕ್ಕೆ ವಿಮಾನದಲ್ಲಿ ನಿಷೇಧವೇನೂ ಇಲ್ಲ. ಘೋಷಿಸಿ, ಪ್ರಮಾಣಿತ ಪೆಟ್ಟಿಗೆಯಲ್ಲಿಟ್ಟು, ಲೇಬಲ್ ಹಚ್ಚಿ, ಡಿಕ್ಲರೇಷನ್ ಕೊಟ್ಟರೆ ಹೋಗುತ್ತದೆ. ಆದರೆ ನಾಲ್ಕುನೂರು ರೂಪಾಯಿಯ ಕಿಟ್ಟಿಗೆ ಅದರ ಖರ್ಚು ಕಿಟ್ಟಿಗಿಂತ ಜಾಸ್ತಿ. ಕೊನೆಗೆ 30 ಐಟಂ ಕಿಟ್ ಆಯಿತು. ‘ಕರ್ಪೂರ, ಬೆಂಕಿಪೊಟ್ಟಣ ನಿಮ್ಮೂರಿನ ಇಂಡಿಯನ್ ಅಂಗಡಿಯಲ್ಲಿ ಕೊಳ್ಳಿ’ ಎಂದು ಒಳಗೊಂದು ಚೀಟಿ ಹಾಕಿ ಎಂದು ನಾನೇ ಸಲಹೆ ಕೊಟ್ಟೆ. ಹಾಕಿದರು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಕೆಮಿಸ್ಟ್ರಿಯವರಿಗೆ ಹಿಡಿಸುತ್ತದೆ. ಪಟ್ಟಿಯಲ್ಲಿರುವುದು ‘ಕೃತಕ ಕರ್ಪೂರ’. ಮರುವರ್ಷ ಅದೇ ವ್ಯಾಪಾರಿ ‘ಇದು ಶುದ್ಧ ನೈಸರ್ಗಿಕ, ಭೀಮಸೇನಿ’ ಎಂದು ವಾದ ಹೂಡಿದರು. ಮರದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣು ಒಂದೇ ತಾನೇ? ಹೆಸರು ಪಟ್ಟಿಯಲ್ಲಿ ಇಲ್ಲವೆಂದರೆ ಗುಣ ನೋಡಬೇಕು, ಉರಿಯುವ ಪರೀಕ್ಷೆಯ ಫಲಿತಾಂಶ ಕೇಳಬೇಕು. ಪಚ್ಚಕರ್ಪೂರ ಎಂದು ಮಾರುವುದರಲ್ಲಿ ಇರುವುದು ಬೋರ್ನಿಯಾಲ್ ಆದರೆ ಅದಕ್ಕೆ ಮತ್ತೊಂದು ಸಂಖ್ಯೆ, 1312. ಈ ಮಾತು ಅಮ್ಮನಿಗೂ ಹೇಳಿ. ದೇವರ ಮನೆಯ ಡಬ್ಬಿಯಲ್ಲೇ ಎರಡು ಡೇಂಜರಸ್ ಗೂಡ್ಸ್ ಇಟ್ಟುಕೊಂಡು ಮಗಳನ್ನು ತಡೆಯುತ್ತಿದ್ದಾರೆ ಪಾಪ.

ಈಗ ನಿಮ್ಮ ಗೆಳೆಯರ ‘ಡೇಟಾ ಎಂಟ್ರಿ’ಗೆ ಬರುತ್ತೇನೆ. ಹಾಗೆ ಮಾಡುವವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಎಸ್‌ಡಿಎಸ್‌ನಲ್ಲಿ 16 ವಿಭಾಗ. 14ನೆಯದು ಸಾಗಣೆಯ ಮಾಹಿತಿ. ಸೋಮಾರಿಗಳು ನೇರವಾಗಿ 14ಕ್ಕೆ ಹೋಗಿ, ಅಲ್ಲಿದ್ದ ಸಂಖ್ಯೆಯನ್ನು ಹಾಗೆಯೇ ಎತ್ತಿ ಸಿಸ್ಟಂಗೆ ಹಾಕಿ ಮುಂದಿನದಕ್ಕೆ ಹೋಗುತ್ತಾರೆ. ಅಲ್ಲಿ ‘ಅನ್ವಯಿಸುವುದಿಲ್ಲ’ ಎಂದಿದ್ದರಂತೂ ಹಬ್ಬ. ಕೆಮಿಸ್ಟ್ರಿ ಓದಿದವರು 14ಕ್ಕೆ ಹೋಗುವ ಮುನ್ನ 3 ಮತ್ತು 9 ನೋಡಬೇಕು. 3ರಲ್ಲಿ ಏನೇನು ಬೆರೆಸಿದ್ದಾರೆ ಎಂದಿರುತ್ತದೆ, 9ರಲ್ಲಿ ಫ್ಲ್ಯಾಶ್ ಪಾಯಿಂಟ್ (ದ್ರವದ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ), ಕುದಿಬಿಂದು, ಪಿಎಚ್. ಆಫ್ಟರ್‌ಶೇವ್ ಒಂದರ ಕಾಗದದಲ್ಲಿ 3ನೇ ವಿಭಾಗ ಎಥೆನಾಲ್ ಶೇಕಡ 60 ಎನ್ನುತ್ತದೆ, 9ನೆಯದು ಫ್ಲ್ಯಾಶ್ ಪಾಯಿಂಟ್ 20 ಡಿಗ್ರಿ ಎನ್ನುತ್ತದೆ, 14ನೆಯದು ‘ನಾನ್-ಹ್ಯಾಜ್’, ಅಂದರೆ ಅಪಾಯಕಾರಿಯಲ್ಲ, ಎನ್ನುತ್ತದೆ. ಒಂದೇ ಕಾಗದದಲ್ಲಿ ಎರಡು ನಾಲಿಗೆ. ದ್ರವದ ಫ್ಲ್ಯಾಶ್ ಪಾಯಿಂಟ್ ಮುಚ್ಚಿದ ಕಪ್ಪಿನ ಪರೀಕ್ಷೆಯಲ್ಲಿ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ವರ್ಗ 3, ಹೊತ್ತಿಕೊಳ್ಳುವ ದ್ರವ. ಅದರೊಳಗೆ 23 ಡಿಗ್ರಿಗಿಂತ ಕೆಳಗಿದ್ದರೆ 2ನೇ ಪ್ಯಾಕಿಂಗ್ ಗುಂಪು (ಅಪಾಯದ ಮಟ್ಟ ಹೇಳುವ ಗುಂಪು), 23ರಿಂದ 60ರವರೆಗೆ 3ನೆಯದು, ಕುದಿಬಿಂದುವೇ 35 ಡಿಗ್ರಿ ದಾಟದಿದ್ದರೆ ಅತಿ ಅಪಾಯದ 1ನೇ ಗುಂಪು.

‘ಮುಚ್ಚಿದ ಕಪ್’ ಎಂದು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಮೈಮೇಲಿದೆ. 2008ರಲ್ಲಿ, ದೇವನಹಳ್ಳಿಯ ಏರ್‌ಪೋರ್ಟ್ ಶುರುವಾದ ವರ್ಷ, ನಾನು ಒಂದು ಫಾರ್ವರ್ಡರ್ (ಸರಕು ಸಾಗಣೆಯ ಏಜೆಂಟರ) ಆಫೀಸಿಗೆ ಸೇರಿದ್ದು. ಸೇರಿ ಎರಡನೇ ವರ್ಷ. ಯಂತ್ರದ ಭಾಗ ತೊಳೆಯುವ ದ್ರವ, ಇಪ್ಪತ್ತು ಕ್ಯಾನು, ಯೂರೋಪಿಗೆ. ಎಸ್‌ಡಿಎಸ್‌ನಲ್ಲಿ ಫ್ಲ್ಯಾಶ್ ಪಾಯಿಂಟ್ 64. ಅರವತ್ತು ದಾಟಿತಲ್ಲ, ವರ್ಗ 3 ಇಲ್ಲ ಎಂದು ಸಾಮಾನ್ಯ ಸರಕಾಗಿ ಬಿಟ್ಟೆ. ಸರಕು ದಾರಿ ಮಧ್ಯದ ಏರ್‌ಪೋರ್ಟಿನಲ್ಲಿ ನಿಂತಿತು. ಅಲ್ಲಿ ಕಾಗದ ನೋಡಿದ ಪುಣ್ಯಾತ್ಮ 64ರ ಪಕ್ಕದಲ್ಲಿ ಸಣ್ಣಕ್ಷರದಲ್ಲಿದ್ದ ‘ಓಸಿ’ ಎಂಬ ಎರಡಕ್ಷರ ಓದಿದ್ದ. ಓಪನ್ ಕಪ್. ತೆರೆದ ಕಪ್ಪಿನಲ್ಲಿ ಆವಿ ಹಾರಿಹೋಗುವುದರಿಂದ ಅಂಕಿ ಸಾಮಾನ್ಯವಾಗಿ ಮೇಲೆಯೇ ಬರುತ್ತದೆ. ಮುಚ್ಚಿದ ಕಪ್ಪಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರೆ 57. ಘೋಷಿಸದೆ ವಿಮಾನ ಹತ್ತಿಸಿದ ಅಪಾಯಕಾರಿ ಸರಕು ಅದು, ಹತ್ತಿಸಿದವರು ನಾನು. ವಿವರಣೆ ಬರೆದುಕೊಟ್ಟದ್ದು, ಬೈಸಿಕೊಂಡದ್ದು, ಮೂರು ರಾತ್ರಿ ನಿದ್ದೆಯಿಲ್ಲದ್ದು ಎಲ್ಲ ಆಯಿತು. ಆ ಎರಡಕ್ಷರ ನಿಮ್ಮಂಥ ಲ್ಯಾಬಿನವರ ಕಣ್ಣಿಗೆ ಮೊದಲೇ ಬೀಳುತ್ತಿತ್ತು. ಕಾಮರ್ಸ್ ಓದಿದ ನನ್ನ ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಪೇಂಟ್ ಅನುಭವವೂ ನೇರವಾಗಿ ಕೆಲಸಕ್ಕೆ ಬರುತ್ತದೆ. ಪೇಂಟು, ಥಿನ್ನರು ಎರಡಕ್ಕೂ ಒಂದೇ ಸಂಖ್ಯೆ, 1263. ನೀವು ಫೋರ್ಡ್ ಕಪ್ಪಿನಿಂದ (ತಳದಲ್ಲಿ ತೂತಿರುವ ಅಳತೆಯ ಕಪ್) ಪೇಂಟ್ ಇಳಿಯುವುದನ್ನು ಸೆಕೆಂಡು ಎಣಿಸುತ್ತೀರಲ್ಲ, ಅದೇ ಬಗೆಯ ಕಪ್ಪಿನ ಪರೀಕ್ಷೆಯ ಮೇಲೆ ಗಟ್ಟಿ ಪೇಂಟನ್ನು 2ನೇ ಪ್ಯಾಕಿಂಗ್ ಗುಂಪಿನಿಂದ 3ಕ್ಕೆ ಇಳಿಸಲು ನಿಯಮದಲ್ಲಿ ಅವಕಾಶವಿದೆ. ಇದನ್ನು ಪುಸ್ತಕದಲ್ಲಿ ಓದಿ ಅರ್ಥ ಮಾಡಿಕೊಳ್ಳಲು ಬೇರೆಯವರಿಗೆ ಒಂದು ವಾರ ಬೇಕು.

ಹಾಗೆಯೇ ಎಣ್ಣೆ. ‘ಎಸೆನ್ಶಿಯಲ್ ಆಯಿಲ್’ ಎಂಬ ಒಂದೇ ಹೆಸರಿನಡಿ ನೀಲಗಿರಿ ಎಣ್ಣೆಯೂ ಬರುತ್ತದೆ, ಶ್ರೀಗಂಧದ ಎಣ್ಣೆಯೂ ಬರುತ್ತದೆ. ನೀಲಗಿರಿ ಎಣ್ಣೆ ಐವತ್ತು ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳುವ ಆವಿ ಕೊಡುತ್ತದೆ, ವರ್ಗ 3. ಶ್ರೀಗಂಧದ ಎಣ್ಣೆ ಅರವತ್ತರ ಗಡಿಗಿಂತ ಬಹಳ ಮೇಲೆ, ಆ ವರ್ಗಕ್ಕೆ ಬರುವುದೇ ಇಲ್ಲ. ಸುಣ್ಣದ ಕಥೆ ಇನ್ನೂ ಚೆನ್ನ: ಎಲೆ ಅಡಿಕೆಗೆ ಹಚ್ಚುವ, ನೀರು ಕುಡಿದು ತಣ್ಣಗಾದ ಸುಣ್ಣಕ್ಕೆ ಯಾವ ಸಂಖ್ಯೆಯೂ ಇಲ್ಲ. ಆಗ ತಾನೇ ಸುಟ್ಟ ಸುಣ್ಣಕ್ಕೆ 1910 ಎಂಬ ಸಂಖ್ಯೆ ಇದೆ, ವರ್ಗ 8 (ಚರ್ಮ, ಲೋಹ ಕೊರೆಯುವ ವಸ್ತು), ಅದೂ ವಿಮಾನದಲ್ಲಿ ಹೋಗುವಾಗ ಮಾತ್ರ. ಹಡಗಿನಲ್ಲಿ ಅದೇ ಚೀಲ ಸಾಧು.

ಕಾಗದದ ಮೇಲಿನ ಒಂದು ಪದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾನು ಹೊಸಬರಿಗೆ ಹೇಳುವ ಘಟನೆ ಒಂದಿದೆ. 2000ದ ಮಾರ್ಚಿನಲ್ಲಿ ಬೀಜಿಂಗ್‌ನಿಂದ ಕ್ವಾಲಾಲಂಪುರಕ್ಕೆ ಬಂದ ಮಲೇಷ್ಯಾ ಏರ್‌ಲೈನ್ಸಿನ ಏರ್‌ಬಸ್ ಎ330ರಲ್ಲಿ 80 ಕ್ಯಾನ್, ಸುಮಾರು 2,000 ಕಿಲೋ ರಾಸಾಯನಿಕವಿತ್ತು. ಅದು ಮುಂದೆ ಹೋಗಬೇಕಿದ್ದದ್ದು ಎಲ್ಲಿಗೆ ಗೊತ್ತೇ? ನಮ್ಮ ಪಕ್ಕದ ಚೆನ್ನೈಗೆ. ಕಾಗದದಲ್ಲಿ ಬರೆದಿದ್ದು ಹೈಡ್ರಾಕ್ಸಿಕ್ವಿನೊಲಿನ್. ಒಳಗಿದ್ದದ್ದು ಆಕ್ಸಲಿಲ್ ಕ್ಲೋರೈಡ್. ನೀರಿನ ಹಸಿ ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುವ ವಸ್ತು ಅದು ಎಂದು ನಿಮಗೆ ಹೇಳಬೇಕಿಲ್ಲ. ಸೋರಿತು. ಇಳಿಸಲು ಹೋದ ಐವರು ಕೆಲಸಗಾರರು ಅಸ್ವಸ್ಥರಾದರು. ವಿಮಾನದ ಮೈಯನ್ನೇ ಆಮ್ಲ ತಿಂದು, ಆರು ವರ್ಷವೂ ತುಂಬದ ವಿಮಾನ ಮತ್ತೆ ಹಾರಲಿಲ್ಲ. ಅದಕ್ಕೂ ಮೊದಲು, 1996ರ ಮೇ 11ರಂದು ಮಯಾಮಿಯಿಂದ ಹೊರಟ ವ್ಯಾಲ್ಯೂಜೆಟ್ 592 ವಿಮಾನದಲ್ಲಿ ಅವಧಿ ಮುಗಿದ ಆಕ್ಸಿಜನ್ ಜನರೇಟರುಗಳಿದ್ದವು. ಚೀಟಿಯಲ್ಲಿ ‘ಆಕ್ಸಿಜನ್ ಕ್ಯಾನಿಸ್ಟರ್, ಖಾಲಿ’ ಎಂದಿತ್ತು. ಅವು ಖಾಲಿ ಇರಲಿಲ್ಲ. ಬೆಂಕಿ ಹತ್ತಿ ವಿಮಾನ ಬಿದ್ದು 110 ಜನ ಹೋದರು. ಇವತ್ತಿಗೂ ‘ಖಾಲಿ’, ‘ಸ್ಯಾಂಪಲ್’, ‘ಸ್ಪೇರ್ ಪಾರ್ಟ್ಸ್’, ‘ಮನೆ ಸಾಮಾನು’ ಎಂಬ ಪದ ಕಂಡರೆ ನಾನು ಪೆನ್ನು ಕೆಳಗಿಡುತ್ತೇನೆ.

ಪ್ಯಾಕಿಂಗ್ ಬಗ್ಗೆಯೂ ಒಂದು ಮಾತು. 1973ರಲ್ಲಿ ಬಾಸ್ಟನ್ನಿನಲ್ಲಿ ಪ್ಯಾನ್ ಆಮ್‌ನ ಸರಕು ವಿಮಾನ ಬಿದ್ದು ಮೂವರು ಸತ್ತರು. ತನಿಖೆ ಕೈ ತೋರಿಸಿದ್ದು ನೈಟ್ರಿಕ್ ಆಮ್ಲದ ಬಾಟಲಿಗಳ ಸುತ್ತ ತುಂಬಿದ್ದ ಮರದ ಹೊಟ್ಟಿನ ಕಡೆಗೆ. ಆಮ್ಲ ಸರಿ, ಹೊಟ್ಟೂ ಸರಿ, ಎರಡೂ ಸೇರಿದ್ದು ತಪ್ಪು. ರಟ್ಟಿನ ಪೆಟ್ಟಿಗೆಯ ಮೇಲೆ ‘4ಜಿ/ವೈ’ ಎಂಬಂತಹ ಗುರುತು ನೋಡಿರಬಹುದು. 4ಜಿ ಅಂದರೆ ರಟ್ಟಿನ ಪೆಟ್ಟಿಗೆ, ವೈ ಅಂದರೆ 1.2 ಮೀಟರ್ ಎತ್ತರದಿಂದ ಬೀಳಿಸಿ ಪಾಸಾದದ್ದು, 2 ಮತ್ತು 3ನೇ ಗುಂಪಿಗೆ ಸಲ್ಲುತ್ತದೆ. ಎಕ್ಸ್ ಆದರೆ 1.8 ಮೀಟರ್, ಝಡ್ ಆದರೆ 0.8. ಇದು ಒಂದು ವಾರದಲ್ಲಿ ಬಾಯಿಪಾಠ ಆಗಿಬಿಡುತ್ತದೆ.

ಇ-ಕಾಮರ್ಸ್‌ನಲ್ಲಿ ನಿಮ್ಮ ದಿನದ ದೊಡ್ಡ ಪಾಲು ತಿನ್ನುವುದು ಮಾತ್ರ ಲಿಥಿಯಂ ಬ್ಯಾಟರಿ. ಇದಕ್ಕೆ ಬೇಕಾದ ಗಣಿತ ಏಳನೇ ಕ್ಲಾಸಿನದು: ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ತುಂಬುವ ಶಕ್ತಿ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸೆಲ್ 3.7 ವೋಲ್ಟ್, ಅಂದರೆ 20 × 3.7, 74 ವಾಟ್-ಅವರ್. ಬಿಡಿ ಬ್ಯಾಟರಿಗೆ 3480, ಉಪಕರಣದ ಒಳಗೆ ಅಥವಾ ಜೊತೆಗೆ ಇದ್ದರೆ 3481. ಮಾರುವವರಲ್ಲಿ ಹೆಚ್ಚಿನವರು ‘ಪವರ್ ಬ್ಯಾಂಕ್ ಒಂದು ಎಲೆಕ್ಟ್ರಾನಿಕ್ ಉಪಕರಣ’ ಎಂದು 3481 ಹಾಕಿ ಕಳಿಸುತ್ತಾರೆ. ತಪ್ಪು. ಬೇರೆ ಉಪಕರಣಕ್ಕೆ ಕರೆಂಟ್ ಕೊಡುವುದೇ ಅದರ ಕೆಲಸವಾದ್ದರಿಂದ ಅದು ಬ್ಯಾಟರಿಯೇ, 3480. ಈ ಒಂದಂಕಿಯ ವ್ಯತ್ಯಾಸದ ಬೆಲೆ ಕೇಳಿ: 2016ರ ಏಪ್ರಿಲ್ 1ರಿಂದ 3480ನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನದಲ್ಲಾದರೂ ಚಾರ್ಜ್ ಶೇಕಡ 30 ಮೀರಬಾರದು. ತಮಾಷೆ ಎಂದರೆ ಅದೇ ಪವರ್ ಬ್ಯಾಂಕನ್ನು ನೀವು ಕೈಚೀಲದಲ್ಲಿ ಹಾಕಿಕೊಂಡು ಅದೇ ವಿಮಾನ ಹತ್ತಬಹುದು. ಹೊಗೆ ಬಂದರೆ ಪಕ್ಕದಲ್ಲಿ ನೋಡುವವರಿದ್ದಾರೆ, ಕೆಳಗಿನ ಸರಕಿನ ಕೋಣೆಯಲ್ಲಿ ಯಾರಿದ್ದಾರೆ?

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್‌ನ ಬೋಯಿಂಗ್ 747 ಸರಕು ವಿಮಾನ ಬೆಂಕಿ ಹತ್ತಿ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಅದರಲ್ಲಿ ಸಾವಿರಗಟ್ಟಲೆ ಲಿಥಿಯಂ ಬ್ಯಾಟರಿಗಳಿದ್ದವು. ವರ್ಗ 9 (ಇತರೆ ಅಪಾಯಕಾರಿ ವಸ್ತು) ಎಂದು ಘೋಷಿಸಬೇಕಿದ್ದ ಕೆಲವು ಸರಕಿಗೆ ಘೋಷಣೆಯೇ ಇರಲಿಲ್ಲ. ಆ ವಿಮಾನದ ಕಾಗದಗಳನ್ನೂ ಎಲ್ಲೋ ಒಂದು ಮೇಜಿನ ಮೇಲೆ ಯಾರೋ ನೋಡಿ ಕಳಿಸಿದ್ದರು ಎಂಬುದು ನನಗೆ ಆಗಾಗ ನೆನಪಾಗುತ್ತದೆ.

ಹಾಗಾದರೆ ಅನುಮಾನ ಬಂದದ್ದಕ್ಕೆಲ್ಲ ‘ಇಲ್ಲ’ ಎಂದುಬಿಟ್ಟರೆ ಒಳ್ಳೆಯ ಅನಲಿಸ್ಟ್ ಆದಂತೆಯೇ? ಸೇರಿದ ಮೊದಲ ಆರು ತಿಂಗಳು ಎಲ್ಲರೂ ಹೀಗೇ ಮಾಡುತ್ತಾರೆ. ಅದರಿಂದ ಪೆಟ್ಟು ತಿನ್ನುವುದು ಸಣ್ಣ ವ್ಯಾಪಾರಿ. ಎಐ ಬಗ್ಗೆ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಗೊತ್ತಲ್ಲ, ಟಿಕ್ ಟಿಕ್ ಅನ್ನುವ ಸ್ಟೀಲಿನದು. ಅದರಲ್ಲಿ ಗ್ಯಾಸೂ ಇಲ್ಲ, ಎಣ್ಣೆಯೂ ಇಲ್ಲ, ಒತ್ತಿದರೆ ಕಿಡಿ ಬರುತ್ತದೆ ಅಷ್ಟೆ. ‘ಗ್ಯಾಸ್’ ಮತ್ತು ‘ಲೈಟರ್’ ಎರಡೂ ಪದ ಒಟ್ಟಿಗೆ ಕಂಡ ಸಿಸ್ಟಂ ಅದನ್ನು ಸಿಗರೇಟ್ ಲೈಟರಿನ ಸಾಲಿಗೆ, 1057ಕ್ಕೆ, ಹೊತ್ತಿಕೊಳ್ಳುವ ಅನಿಲದ ವರ್ಗ 2.1ಕ್ಕೆ ತಳ್ಳಿತ್ತು. ಬೇರೆ ದೇಶದಲ್ಲಿ ಕೂತ ಸಹೋದ್ಯೋಗಿ ಅದನ್ನು ಒಪ್ಪಿ ಮುದ್ರೆಯೂ ಒತ್ತಿದ್ದರು, ಅಂಥ ಲೈಟರನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ನಮ್ಮ ತಂಡದ ಹಾಸನದ ಹುಡುಗಿಯೊಬ್ಬಳು ಮನೆಯಿಂದ ಲೈಟರ್ ತಂದು ಕ್ಯಾಮೆರಾ ಮುಂದೆ ಟಿಕ್ ಅನ್ನಿಸಿ, ಬಿಚ್ಚಿ ತೋರಿಸಿದಳು. ಪ್ರೆಷರ್ ಕುಕ್ಕರನ್ನು ‘ಒತ್ತಡದ ಅನಿಲ’ ಎಂದು ಹಿಡಿದಿಟ್ಟದ್ದೂ ಉಂಟು, ಅದನ್ನು ನೆನೆದು ಈಗಲೂ ನಗುತ್ತೇವೆ.

ಯಂತ್ರಗಳು ಈಗಾಗಲೇ ಬಂದಿವೆ. ಸುಲಭದ ನೂರರಲ್ಲಿ ಎಂಬತ್ತನ್ನೋ ತೊಂಬತ್ತನ್ನೋ ಅವೇ ಮಾಡುತ್ತವೆ. ಬಟ್ಟೆ, ಪುಸ್ತಕ, ಪಾತ್ರೆ ನೋಡುವ ಕೆಲಸಕ್ಕೆ ಇನ್ನು ಮನುಷ್ಯರನ್ನು ಇಟ್ಟುಕೊಳ್ಳುವುದಿಲ್ಲ, 14ನೇ ವಿಭಾಗದಿಂದ ಎತ್ತಿ ಹಾಕುವ ಕೆಲಸವೂ ಹೋಗುತ್ತದೆ. ಉಳಿಯುವುದು ಕಾಗದದಲ್ಲಿ ಎರಡು ನಾಲಿಗೆ ಇರುವಂಥವು. ಅವುಗಳಿಗೆ ಯಾರಾದರೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಫಾರ್ವರ್ಡರ್ ಆಫೀಸಿನ ಗುಮಾಸ್ತರಿಗಿಂತ ಲ್ಯಾಬಿನಿಂದ ಬರುವ ನಿಮ್ಮಂಥವರಿಗೆ ಇದು ಭಯದ ಕಾಲವಲ್ಲ.

ನಿಯಮ, ಪರೀಕ್ಷೆಗಳ ಬಗ್ಗೆ ಚುಟುಕಾಗಿ. ವಿಮಾನಕ್ಕೆ ಅಯಾಟಾದ (ವಿಮಾನಯಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಡಿಜಿಆರ್ ಎಂಬ ನಿಯಮ ಪುಸ್ತಕ, ಪ್ರತಿ ಜನವರಿ 1ಕ್ಕೆ ಹೊಸ ಆವೃತ್ತಿ. ಹಡಗಿಗೆ ಐಎಂಡಿಜಿ ಕೋಡ್ ಎಂಬ ಅಂತರರಾಷ್ಟ್ರೀಯ ನಿಯಮಾವಳಿ, ಎರಡು ವರ್ಷಕ್ಕೊಮ್ಮೆ ತಿದ್ದುಪಡಿ. ನಮ್ಮ ರಸ್ತೆಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ದೇಶದೊಳಗಿನ ವೈಮಾನಿಕ ಸಾಗಣೆಯ ಮೇಲ್ವಿಚಾರಣೆ ಡಿಜಿಸಿಎಯದು (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ), ಅದಕ್ಕೆ ಪ್ರತ್ಯೇಕ ನಿಯಮಗಳಿವೆ. ತರಬೇತಿಯ ಸರ್ಟಿಫಿಕೇಟ್ 24 ತಿಂಗಳಿಗೆ ಮುಗಿಯುತ್ತದೆ, ಮತ್ತೆ ಕೂತು ಬರೆಯಬೇಕು. ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ ಎಂದು ಹಗುರ ಮಾಡಬೇಡಿ. ಸಾವಿರ ಪುಟದ ಪುಸ್ತಕದಲ್ಲಿ ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದವರಿಗೆ ಅದು ತೆರೆದಿದ್ದರೂ ಮುಚ್ಚಿದ್ದರೂ ಒಂದೇ. ಮತ್ತೆ ಇಲ್ಲಿ ಕಲಿತದ್ದು ಹಳೆಯದಾಗುತ್ತಲೇ ಇರುತ್ತದೆ. ಸೋಡಿಯಂ-ಅಯಾನ್ ಬ್ಯಾಟರಿಗೆ ಮೊನ್ನೆಯವರೆಗೆ ಪ್ರತ್ಯೇಕ ಸಂಖ್ಯೆ ಇರಲಿಲ್ಲ, ಈಗ 3551 ಬಂದಿದೆ.

ಕೆಲಸದ ಕೆಟ್ಟ ಮುಖವನ್ನೂ ಹೇಳಿಬಿಡುತ್ತೇನೆ. ಬೇಸರ ಬರುತ್ತದೆ. ಒಂದೇ ದಿನ ನಲವತ್ತು ಬಗೆಯ ಶಾಂಪೂ ನೋಡಿದರೆ ಯಾರಿಗಾದರೂ ಬರುತ್ತದೆ. ಗಂಟೆಗಿಷ್ಟು ಎಂಬ ಟಾರ್ಗೆಟ್ ಇರುತ್ತದೆ, ಇಪ್ಪತ್ತು ನಿಮಿಷ ಬೇಕಾದ ಒಂದು ಎಸ್‌ಡಿಎಸ್ ನಿಮ್ಮ ಅಂಕಿಯನ್ನು ಕೆಡಿಸುತ್ತದೆ. ಹಬ್ಬದ ಸೀಸನ್ನಿನಲ್ಲಿ ಸೇಲ್ಸ್‌ನವರು ತಲೆ ತಿನ್ನುತ್ತಾರೆ. ನೀವು ಸರಿಯಾಗಿ ತಡೆದದ್ದರಿಂದ ಏನಾಯಿತು ಎಂದು ಯಾರೂ ಬಂದು ಹೇಳುವುದಿಲ್ಲ, ಏಕೆಂದರೆ ಏನೂ ಆಗಿರುವುದಿಲ್ಲ. ಶಹಬ್ಬಾಸ್ ಬೇಕೆನ್ನುವವರಿಗೆ ಇದು ಹೇಳಿಸಿದ್ದಲ್ಲ.

ಆದ್ದರಿಂದ ಸಂಬಳದ ಮಾತಾಡುವಾಗಲೇ ಇನ್ನೂ ಕೆಲವನ್ನು ಕೇಳಿ. ನಾನು ತಡೆದದ್ದನ್ನು ಬಿಡಿಸುವ ಅಧಿಕಾರ ಯಾರಿಗಿದೆ, ಅವರಿಗೆ ಡಿಜಿ (ಡೇಂಜರಸ್ ಗೂಡ್ಸ್) ತರಬೇತಿ ಆಗಿದೆಯೇ ಎಂಬುದು ಮೊದಲ ಪ್ರಶ್ನೆ. ‘ಸೇಲ್ಸ್ ಮ್ಯಾನೇಜರ್ ಅಪ್ರೂವ್ ಮಾಡಿದರೆ ಹೋಗುತ್ತೆ’ ಎಂಬ ಉತ್ತರ ಬಂದರೆ ಪೀಣ್ಯದಲ್ಲೇ ಇರಿ, ಥಿನ್ನರ್ ವಾಸನೆಯೇ ವಾಸಿ. ವಿಮಾನದ ಜೊತೆಗೆ ಹಡಗಿನ ತರಬೇತಿಯನ್ನೂ ಕೊಡುತ್ತಾರಾ ಕೇಳಿ. ಒಂದೇ ಕಂಪನಿಯ ಸಾಫ್ಟ್‌ವೇರ್ ಕಲಿತರೆ ಹೊರಗೆ ಅದಕ್ಕೆ ಬೆಲೆಯಿಲ್ಲ, ಸರ್ಟಿಫಿಕೇಟಿಗೆ ಇದೆ. ಎರಡು ಮೂರು ವರ್ಷ ಆದಮೇಲೆ ದಾರಿಗಳು ತೆರೆಯುತ್ತವೆ: ರಾಸಾಯನಿಕ ಕಂಪನಿಗಳ ರೆಗ್ಯುಲೇಟರಿ ವಿಭಾಗ, ಏರ್‌ಲೈನಿನ ಅಕ್ಸೆಪ್ಟೆನ್ಸ್ (ಸರಕು ಪರಿಶೀಲಿಸಿ ಸ್ವೀಕರಿಸುವ ವಿಭಾಗ), ತರಬೇತುದಾರರ ಕೆಲಸ. ಯೂರೋಪಿನಲ್ಲಿ ಇಂಥ ಸರಕು ಸಾಗಿಸುವ ಕಂಪನಿಗಳು ‘ಸುರಕ್ಷತಾ ಸಲಹೆಗಾರ’ರನ್ನು ಇಟ್ಟುಕೊಳ್ಳಲೇಬೇಕೆಂಬ ಕಾನೂನಿದೆ. ಅದರ ಪರೀಕ್ಷೆ ಕಷ್ಟದ್ದು, ಆದರೆ ಪಾಸಾದರೆ ಐದು ವರ್ಷ ನೆಮ್ಮದಿ.

ಬಂದರಿನ ಕಡೆಗೂ ಕಣ್ಣಿಡಿ. 2025ರ ಮೇ 25ರಂದು ಕೊಚ್ಚಿಯ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿದ್ದ 640 ಕಂಟೇನರುಗಳ ಪೈಕಿ 13 ಅಪಾಯಕಾರಿ ಸರಕಿನವು, ಅದರಲ್ಲಿ 12 ಕ್ಯಾಲ್ಸಿಯಂ ಕಾರ್ಬೈಡ್. ಮಾವಿನಕಾಯಿ ಹಣ್ಣು ಮಾಡಲು ಕಳ್ಳತನದಿಂದ ಬಳಸುತ್ತಾರಲ್ಲ, ಅದೇ. ನೀರು ತಾಗಿದರೆ ಅಸಿಟಿಲೀನ್ ಬಿಡುತ್ತದೆ, ಹಾಗಾಗಿ ವರ್ಗ 4.3, ಅದೂ ಸಮುದ್ರದ ಮಧ್ಯೆ. ಎರಡೇ ವಾರಕ್ಕೆ, ಜೂನ್ 9ರಂದು, ಕೇರಳದ ಕರಾವಳಿಯಾಚೆ ವಾನ್ ಹಾಯ್ 503 ಎಂಬ ಹಡಗು ಹೊತ್ತಿ ಉರಿಯಿತು. ಪಾರಾದ 18 ನಾವಿಕರನ್ನು ತಂದಿಳಿಸಿದ್ದು ನಮ್ಮ ನವಮಂಗಳೂರು ಬಂದರಿಗೆ. ಆ ವಾರ ನನಗೆ ಬಂದಷ್ಟು ಫೋನ್ ಹಿಂದಿನ ಹತ್ತು ವರ್ಷದಲ್ಲಿ ಬಂದಿರಲಿಲ್ಲ, ಅದುವರೆಗೆ ಕಂಟೇನರಿನಲ್ಲಿ ಏನಿದೆ ಎಂದು ಕೇಳದಿದ್ದವರೆಲ್ಲ ಕೇಳಲು ಶುರು ಮಾಡಿದರು.

ಆಫರಿಗೆ ಉತ್ತರ ಕೊಡುವ ಮುನ್ನ ಒಂದು ಸಂಜೆ ಹೀಗೆ ಮಾಡಿ ನೋಡಿ. ನಿಮ್ಮದೇ ಲ್ಯಾಬಿನ ಕಪಾಟಿನಿಂದ ಮೂರು ಡಬ್ಬಿಯ ಎಸ್‌ಡಿಎಸ್ ತೆಗೆಯಿರಿ: ಒಂದು ಥಿನ್ನರ್, ಒಂದು ಎನಾಮೆಲ್, ಒಂದು ನೀರಿನಲ್ಲಿ ಕಲಸುವ ಎಮಲ್ಷನ್. 14ನೇ ವಿಭಾಗವನ್ನು ಕಾಗದದಿಂದ ಮುಚ್ಚಿ. 3 ಮತ್ತು 9 ಮಾತ್ರ ಓದಿ ವರ್ಗ ಯಾವುದು, ಪ್ಯಾಕಿಂಗ್ ಗುಂಪು ಯಾವುದು ಎಂದು ನೀವೇ ಬರೆದು, ಆಮೇಲೆ ಕಾಗದ ಸರಿಸಿ ನೋಡಿ. ಇದನ್ನು ಮಾಡುತ್ತಾ ಊಟದ ಹೊತ್ತು ಮರೆತರೆ ಸೇರಿಕೊಳ್ಳಿ. ಮೊದಲ ಡಬ್ಬಿಗೇ ಆಕಳಿಕೆ ಬಂದರೆ ಬೇಡ. ಮೂರರಲ್ಲಿ ಒಂದರಲ್ಲಾದರೂ 9ಕ್ಕೂ 14ಕ್ಕೂ ತಾಳೆಯಾಗದಿದ್ದರೆ ಅದನ್ನು ನಿಮ್ಮ ಈಗಿನ ಮ್ಯಾನೇಜರಿಗೆ ಹೇಳಲೇಬೇಕು. ಹೊಸ ಆಫರಿಗೆ ಸಹಿ ಹಾಕಿದ ಮೇಲೆ ಹೇಳಿದರೆ ನಿಮಗೂ ಧೈರ್ಯ ಜಾಸ್ತಿ ಇರುತ್ತದೆ.